ಬಾವಿಯವ್ವನನ್ನು ಕಳಿಸುವ ಮಾತು

ಗೆಳೆಯ ಲಾಡ್ಲೇಸಾಬ,

ನಿನ್ನನ್ನು ಮಣ್ಣು ಮಾಡಿದ ಮೇಲೆ ಇವತ್ತೇ ಘಾಟಬೋರಾಳದ ದರ್ಗಾ ಹತ್ತಿದ್ದು. ನನ್ನ ಹೆಂಡತಿ ಸುಮನಬಾಯಿಗೆ ಮತ್ತೆ ಬಾವಿಯವ್ವ ಬಡಿದಿದ್ದಾಳೆ, ಅದೇ ಬಾವಿಯ ದೆವ್ವ. ಊಟವಿಲ್ಲ, ಮಾತಿಲ್ಲ.

ಈಗ ದರ್ಗಾದ ಪೂಜೆ ನೋಡಿಕೊಳ್ಳುವ ಮುಜಾವರ ನಿನ್ನ ಮಗ ಯೂನುಸನೇ. ಲೋಬಾನದ ಧೂಪ ಹಾಕಿ ಚೆನ್ನಾಗಿಯೇ ದುವಾ ಓದಿದ. ಆಮೇಲೆ ನೀನು ನಿಂಬೆಹಣ್ಣು ಹಿಡಿದು, ಬಾವಿಯವ್ವನನ್ನು ಕನ್ನಡದಲ್ಲಿ ಬೇಡಿಕೊಂಡು ಮನೆಗೆ ಕಳಿಸುತ್ತಿದ್ದೆಯಲ್ಲ, ಅಲ್ಲಿಗೆ ನಿಂತುಬಿಟ್ಟ.

“ಆ ಮಾತು ನಮ್ಮ ದೀನ್-ಧರ್ಮದಾಗ ಇಲ್ರಿ ಕಾಕಾ. ಅಬ್ಬಾನ ಜೋಡಿ ಹೋಯ್ತು.”

ನಾನು ಬಿಡುವವನೇ? ನಾಟಕದ ಕಂಪನಿಯಲ್ಲಿ ರಾಜನ ಪಾರ್ಟು ಕಟ್ಟಿ ಪರದೆ ನಡುಗಿಸಿದ ಗಂಟಲಿದು. ನಿಂಬೆಹಣ್ಣು ಎತ್ತಿ ಹಿಡಿದು ನಿನ್ನ ಮಾತನ್ನೇ ಗರ್ಜಿಸಿದೆ: “ನಡಿಯವ್ವಾ, ನಿನ್ನ ಬಾವಿ ನಿನ್ನ ದಾರಿ ನೋಡಾಕತ್ತದ. ಪೀರಸಾಬರು ಹೇಳ್ಯಾರ, ನಡಿ.” ಗುಮ್ಮಟದ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಸುಮನಬಾಯಿ ತಲೆ ಎತ್ತಿದಳು. ಗೆದ್ದೆ ಅಂದುಕೊಂಡೆ.

“ಸಾಬ ಹಿಂಗ ಒದರ್ತಿರಲಿಲ್ಲ,” ಅಂದಳು. “ಬಾಜೂಕ ಕುಂತು ಸಣ್ಣಗ ಮಾತಾಡ್ತಿದ್ದ.”

ನಾನೂ ಪಕ್ಕದಲ್ಲಿ ಕುಳಿತೆ. ಅವಳು ಕಾದಳು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ಸಣ್ಣ ದನಿಯಲ್ಲಿ ಹೇಳಿದ ಒಂದು ಮಾತೂ ನನಗೆ ನೆನಪಾಗಲಿಲ್ಲ. ಅವಳು ಮತ್ತೆ ತಲೆ ತಗ್ಗಿಸಿದಳು.

ನಿಂಬೆಹಣ್ಣು ಇನ್ನೂ ನನ್ನ ಕೈಯಲ್ಲೇ ಇದೆ.