ಕರಡಿ ಬರುವ ಟೇಬಲ್

ಮನೆ, ಅಡುಗೆಮನೆಯ ಮೇಜು
ಗುರುವಾರ ಸಂಜೆ

ಪ್ರೀತಿಯ ಮಾಮಾ,

ಮೊದಲಿಗೆ, ಸಾರಿ. ಬರೆಯಲೇಬಾರದಿತ್ತೇನೋ. ನಮ್ಮ ಜೊತೆ ಮಾತು ಬೇಕೆಂದಿದ್ದರೆ ನೀನು ಫೋನ್ ನಂಬರ್ ಬದಲಾಯಿಸುತ್ತಿರಲಿಲ್ಲ, ಅಷ್ಟು ತಿಳಿಯದಷ್ಟು ದಡ್ಡಿಯಲ್ಲ ನಾನು. ಲಕೋಟೆಯ ಮೇಲೆ ‘ಕರಡಿಯವರಿಗೆ, ತಿಂಡಿ ಹಾಲ್, ಬೆಳಗಿನ ಪಾಳಿ’ ಎಂದು ಬರೆದಿದ್ದಕ್ಕೂ ಸಾರಿ. ಆ ಥೀಮ್ ಪಾರ್ಕಿನಲ್ಲಿ ನಿನ್ನ ನಿಜವಾದ ಹೆಸರು ಹೇಳಿದ್ದೀಯೋ ಇಲ್ಲವೋ ಗೊತ್ತಿರಲಿಲ್ಲ. ಬೇರೆ ಯಾವುದಾದರೂ ಕರಡಿಯ ಕೈಗೆ ಈ ಪತ್ರ ಸಿಕ್ಕಿದ್ದರೆ, ಕರಡಿಯವರೇ, ದಯವಿಟ್ಟು ಮುಂದೆ ಓದಬೇಡಿ, ನಮ್ಮ ಮಾಮನಿಗೆ ಕೊಟ್ಟುಬಿಡಿ.

ಹೇಗಿದ್ದೀಯಾ? ಸೊಂಟ ನೋವು ಹೇಗಿದೆ? ಆ ಕರಡಿ ವೇಷದ ಕೂದಲಿನ ಚೀಲದೊಳಗೆ ಸೆಖೆಯಾಗುವುದಿಲ್ಲವಾ, ನೀರು ಕುಡಿಯುವಾಗಲಾದರೂ ತಲೆ ತೆಗೆಯಲು ಬಿಡುತ್ತಾರಾ? ನಾವು ಚೆನ್ನಾಗಿದ್ದೇವೆ. ಅಪ್ಪ ಈಗಲೂ ಸ್ಕೂಲ್ ಬಸ್ ಓಡಿಸುತ್ತಾರೆ, ಮನೆಯಲ್ಲಿ ಅಡುಗೆಮನೆಯಿಂದ ಹಾಲಿಗೆ ಬರುವುದೂ ಅದೇ ಸ್ಪೀಡಿನಲ್ಲಿ. ಪುಟ್ಟ ಮುಂದಿನ ಹಲ್ಲು ನುಂಗಿಕೊಂಡು, ಹೊಟ್ಟೆಯೊಳಗೆ ಅದು ಬೆಳೆಯುತ್ತದೆಂದು ಕಾಯುತ್ತಿದ್ದಾನೆ. ನಾನು ಕಾಲೇಜ್ ಫಸ್ಟ್ ಇಯರ್. ಲ್ಯಾಬಿನ ಗಾಜಿಗೂ ಹೆದರುತ್ತೇನೆ, ಲಿಫ್ಟಿಗೂ ಹೆದರುತ್ತೇನೆ, ಏನೂ ಬದಲಾಗಿಲ್ಲ. ಹಾಸ್ಟೆಲ್ ಸ್ಕೂಲಿಗೆ ಸೇರಿದ ಮೇಲೆ ನನ್ನ ಕನ್ನಡ ಅರ್ಧ ಇಂಗ್ಲಿಷ್ ಆಗಿಹೋಯಿತೆಂದು ನೀನು ರೇಗಿಸುತ್ತಿದ್ದೆಯಲ್ಲ, ಅದೂ ಹಾಗೇ ಇದೆ. ಅಮ್ಮ ಔಷಧಿ ಅಂಗಡಿಯ ಕೌಂಟರಿನಲ್ಲೇ ಇದ್ದಾಳೆ. ಯಾರಾದರೂ ನಿನ್ನ ವಿಷಯ ಕೇಳಿದರೆ, “ನನ್ ತಮ್ಮ ದೊಡ್ಡ ಹೋಟೆಲಲ್ಲಿ ಮ್ಯಾನೇಜರು” ಎನ್ನುತ್ತಾಳೆ. ನಂಬರ್ ಬದಲಾಯಿಸುವ ಮೊದಲು ನೀನು ಹೇಳಿದ ಸುಳ್ಳನ್ನೇ ಹೇಳುತ್ತಾಳೆ, ಆಮೇಲೆ ಸ್ವಲ್ಪ ಹೊತ್ತು ಯಾವ ಗುಳಿಗೆ ಕೇಳಿದರೂ ಅವಳಿಗೆ ಸಿಗುವುದಿಲ್ಲ.

ನನಗೆ ಹೇಗೆ ಗೊತ್ತಾಯಿತು ಎಂದು ನೀನು ಕೇಳುವುದಿಲ್ಲ, ನಿನಗೇ ಗೊತ್ತು. ಆದರೂ ಬರೆಯುತ್ತೇನೆ, ಬರೆದರೆ ನನ್ನ ಎದೆಬಡಿತ ಕಡಿಮೆಯಾಗುತ್ತದೆ. ಕಾಲೇಜ್ ಟ್ರಿಪ್‌ನಲ್ಲಿ ನಮ್ಮನ್ನು ಆ ತಿಂಡಿ ಹಾಲಿಗೆ ಕರೆದುಕೊಂಡು ಹೋಗಿದ್ದರು. ಕರಡಿ ಪ್ರತಿ ಟೇಬಲ್ಲಿಗೂ ಬಂದು ಚಪ್ಪಾಳೆ ತಟ್ಟಿ, ಫೋಟೋಗೆ ನಿಂತು, ಮುಂದೆ ಹೋಗುತ್ತಿತ್ತು. ನಮ್ಮ ಟೇಬಲ್ಲಿನ ಹತ್ತಿರ ಸುಮ್ಮನೆ ನಿಂತುಬಿಟ್ಟಿತು. ಆಮೇಲೆ ನನ್ನ ತಟ್ಟೆಯ ಪಕ್ಕದ ಪೇಪರ್ ನ್ಯಾಪ್‌ಕಿನ್ ಎತ್ತಿಕೊಂಡು, ಆ ದಪ್ಪ ಬೆರಳುಗಳಲ್ಲಿ ಮಡಚಿ, ಸುತ್ತಿ, ಗಂಟು ಹಾಕಿ ಒಂದು ಇಲಿ ಮಾಡಿತು. ಒಂದೇ ಕಿವಿ ಬಂತು, ಇನ್ನೊಂದು ಬರಲಿಲ್ಲ. ಆ ಇಲಿ ಕರಡಿಯ ಅಂಗೈಯಿಂದ ಮೊಣಕೈಗೆ ಚಂಗನೆ ಹಾರಿತು. ಹುಡುಗಿಯರೆಲ್ಲ ಕಿರುಚಿ ನಕ್ಕರು. ನಾನು ಮಾತ್ರ ಕೈಯಲ್ಲಿದ್ದ ಬ್ರೆಡ್ಡು ತಟ್ಟೆಗಿಟ್ಟೆ. ಹಾಸ್ಟೆಲ್ಲಿನ ವಿಸಿಟರ್ಸ್ ಬೆಂಚಿನ ಮೇಲೆ, ಅಮ್ಮನಿಗೆ ಅಂಗಡಿ ಬಿಟ್ಟು ಬರಲಾಗದ ಭಾನುವಾರಗಳಲ್ಲಿ, ನಿನ್ನ ಕರ್ಚೀಫಿನಿಂದ ಹೊರಟು ನನ್ನ ಭುಜದವರೆಗೂ ಹತ್ತುತ್ತಿದ್ದ ಇಲಿ ಅದು. ನಾನು “ಮಾಮಾ?” ಎಂದೆ. ಕರಡಿ ನನ್ನ ತಲೆಯ ಮೇಲೆ ಕೈ ಇಟ್ಟು ಮುಂದಿನ ಟೇಬಲ್ಲಿಗೆ ಹೋಯಿತು. ವೇಷದಲ್ಲಿದ್ದಾಗ ಅವರು ಮಾತಾಡುವಂತಿಲ್ಲ ಎಂದು ಕಾಫಿ ತಂದವನು ಹೇಳಿದ. ಮುಚ್ಚಿಡಲೇಬೇಕೆಂದಿದ್ದರೆ ನೀನು ಇಲಿ ಮಾಡುತ್ತಿರಲಿಲ್ಲ, ಅಲ್ಲವಾ? ಆ ಒಂದು ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಇಲಿಯನ್ನು ಸೋಪ್ ಡಬ್ಬಿಯಲ್ಲಿಟ್ಟು ಹಾಸ್ಟೆಲ್ ಬ್ಯಾಗಿನಲ್ಲಿ ಮನೆಗೆ ತಂದಿದ್ದೇನೆ. ಯಾರಿಗೂ ಹೇಳಿಲ್ಲ.

ಹೇಳದಿರಲು ಕಾರಣವೂ ನಿನಗೆ ಗೊತ್ತು. ತಾತನ ಹುಟ್ಟುಹಬ್ಬದ ದಿನ, ನೀನು ಟೀಚರ್ ಕೆಲಸ ಬಿಟ್ಟು ನಾಟಕದ ತಂಡ ಸೇರಿದ ಸುದ್ದಿ ಕೇಳಿ ಅಮ್ಮ ಎಲ್ಲರ ಮುಂದೆ, “ವೇಷ ಹಾಕ್ಕೊಂಡು ಕುಣಿಯೋದು ಬಿಟ್ರೆ ನಿಂಗೇನೋ ಬರುತ್ತೆ?” ಎಂದಿದ್ದಳಲ್ಲ. ನೀನು ತಟ್ಟೆ ಕೆಳಗಿಟ್ಟು ಎದ್ದುಹೋದೆ. ಈಗ ಅವಳೇ ಬಂದು ಆ ಹಾಲಿನಲ್ಲಿ ಕೂತರೆ ನಿನಗೆ ಹೇಗಾಗುತ್ತದೋ ಎಂದು ನನಗೆ ನಿದ್ದೆ ಬರುತ್ತಿಲ್ಲ.

ಹೌದು ಮಾಮಾ, ನಾವು ಬರುತ್ತಿದ್ದೇವೆ. ರಜೆಗೆ ಎಲ್ಲರೂ ಒಟ್ಟಿಗೆ ಆ ಪಾರ್ಕಿಗೇ ಹೋಗೋಣ ಎಂದು ಅಪ್ಪ ಹೇಳಿದಾಗ ನಾನು ಖುಷಿಯಿಂದ ಕುಣಿದೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಕಷ್ಟ ಶುರುವಾಗಿದ್ದು ಅಲ್ಲಿಂದ. ತಿಂಡಿ ಹಾಲಿನ ಟೇಬಲ್‌ಗಳನ್ನು ಎರಡು ತಿಂಗಳು ಮೊದಲೇ ಬುಕ್ ಮಾಡಬೇಕು. ರೈಲು, ರೂಮುಗಳ ಡಿಸ್ಕೌಂಟ್ ಪ್ರಕಟವಾಗುವುದು ಕೊನೇ ತಿಂಗಳಲ್ಲಿ. ಅಮ್ಮನನ್ನು ನೀನು ಬಲ್ಲೆ, ಚಪ್ಪಲಿ ಕಿತ್ತುಹೋದರೂ ಸೇಲ್ ಬರುವವರೆಗೆ ಪಿನ್ ಹಾಕಿಕೊಂಡು ನಡೆಯುವವಳು. “ಆಫರ್ ಬರ್ಲಿ, ಆಮೇಲೆ ದಿನ ಗೊತ್ತು ಮಾಡೋಣ. ದುಡ್ಡು ಕೊಡ್ತೀವಿ ಅಂದ್ರೆ ತಿಂಡಿ ಇಲ್ಲ ಅಂತಾರಾ?” ಎಂದಳು. ನಾನು ಹಾಸ್ಟೆಲ್ ಮೆಸ್ಸಿನಲ್ಲಿ ಬೆಳೆದವಳು. ಅಲ್ಲಿ ಬೆಂಚಿನ ಮೇಲೆ ಮೊದಲೇ ಕರ್ಚೀಫ್ ಹಾಕದಿದ್ದರೆ ನಿಂತೇ ಊಟ. ಅಪ್ಪನನ್ನು ಕೇಳಿದರೆ, “ನಾನು ಡ್ರೈವರ್ರು, ದಾರಿ ನೀವು ಜಗಳ ಆಡ್ಕೊಂಡು ಹೇಳಿ” ಎಂದರು. ಹಿಂದಿನ ದಿನದವರೆಗೂ ಕ್ಯಾನ್ಸಲ್ ಮಾಡಬಹುದೆಂದು ನೋಡಿ, ಅಮ್ಮನಿಗೆ ಹೇಳದೆ ರಜೆಯ ಮೊದಲ ವಾರದಲ್ಲಿ ಮೂರು ಬೆಳಿಗ್ಗೆಗೆ ಒಂದೊಂದರಂತೆ ಮೂರು ಟೇಬಲ್ ಹಿಡಿದಿಟ್ಟೆ. ಮೂರು ಕರ್ಚೀಫ್ ಎಂದುಕೋ.

ಮೊನ್ನೆ ಡಿಸ್ಕೌಂಟ್ ಬಂತು, ಎರಡನೇ ವಾರಕ್ಕೆ. ರೈಲೂ ಅರ್ಧ, ರೂಮೂ ಅರ್ಧ. ಆ ವಾರ ತಿಂಡಿ ಹಾಲಿನಲ್ಲಿ ಒಂದು ಕುರ್ಚಿಯೂ ಖಾಲಿಯಿಲ್ಲ, ಫೋನ್ ಮಾಡಿ ವಿಚಾರಿಸಿದೆ. ಅಮ್ಮನ ಮುಖ ಅರಳಿತ್ತು. ನಾನು ಮೂರು ಟೇಬಲ್ಲಿನ ವಿಷಯ ಬಾಯಿಬಿಟ್ಟು, ಮೊದಲ ವಾರವೇ ಹೋಗಬೇಕೆಂದು ಹಟ ಹಿಡಿದೆ. ಏಕೆ ಎಂದಳು. ಗಾಬರಿಯಲ್ಲಿ, “ಪುಟ್ಟನಿಗೆ ಕರಡಿ ನೋಡ್ಬೇಕಂತೆ” ಎಂದುಬಿಟ್ಟೆ. ಪುಟ್ಟ ಅಲ್ಲೇ ಇದ್ದ. ಅವನು ಪುಸ್ತಕದಲ್ಲಿ ಕರಡಿಯ ಪುಟ ಬಂದರೆ ಕಣ್ಣು ಮುಚ್ಚಿಕೊಂಡು ಹಾಳೆ ತಿರುಗಿಸುವವನು. “ಅಕ್ಕಾ, ನಂಗೆ ಕರಡಿ ಬ್ಯಾಡಾ” ಎಂದು ಅಪ್ಪನ ಹೊಟ್ಟೆಗೆ ಮುಖ ಹುದುಗಿಸಿದ. ಅಮ್ಮ ನನ್ನನ್ನೇ ನೋಡಿದಳು. ಬಯ್ಯಲಿಲ್ಲ, ಅದೇ ನನಗೆ ಭಯ. “ಆಫರ್ ಶನಿವಾರದವರೆಗೂ ಇದೆ, ನೋಡೋಣ” ಎಂದು ಎದ್ದು ನನ್ನ ಹಾಸ್ಟೆಲ್ ಬ್ಯಾಗಿನ ಬಟ್ಟೆ ಒಗೆಯಲು ಹೋದಳು.

ಆದ್ದರಿಂದ ಕೇಳುತ್ತಿದ್ದೇನೆ. ನಾವು ಬರುವುದು ನಿನಗೆ ಬೇಡವೆನಿಸಿದರೆ ಒಂದು ಮಾತು ಹೇಳಿಬಿಡು. ಶನಿವಾರದೊಳಗೆ ನಿನ್ನ ಉತ್ತರ ಬರುವುದಿಲ್ಲ, ಗೊತ್ತು. ಅಮ್ಮ ಡಿಸ್ಕೌಂಟನ್ನೇ ಹಿಡಿದರೆ ನಾನು ಮತ್ತೆ ಬಾಯಿ ತೆಗೆಯುವುದಿಲ್ಲ. ಮೊದಲ ವಾರವೇ ಬರುವಂತಾದರೂ, ನಿನಗೆ ಬೇಡವೆಂದರೆ ಆ ಬೆಳಿಗ್ಗೆ ನನಗೆ ಹೊಟ್ಟೆನೋವು ಬರುತ್ತದೆ. ಹಾಸ್ಟೆಲ್ಲಿನಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ. ಆದರೆ ನನಗೆ ಮಾತ್ರ ಆ ವೇಷದಲ್ಲಿ ನಾಚಿಕೆಪಡುವಂಥದ್ದು ಏನೂ ಕಾಣಲಿಲ್ಲ ಮಾಮಾ. ನಮ್ಮ ಹಿಂದಿನ ಟೇಬಲ್ಲಿನಲ್ಲಿ ಅಳುತ್ತಿದ್ದ ಮಗುವಿನ ಎದುರು ನೀನು ನೆಲದ ಮೇಲೆ ಕೂತು, ಅದಕ್ಕಿಂತ ಜೋರಾಗಿ ಅಳುವ ಹಾಗೆ ನಟಿಸಿದ್ದನ್ನು ನೋಡಿದೆ. ಅದು ಅಳು ನಿಲ್ಲಿಸಿ ನಿನಗೆ ತನ್ನ ಬಿಸ್ಕತ್ತು ಕೊಟ್ಟಿತು. ಅಮ್ಮ ಅದನ್ನು ನೋಡಬೇಕಿತ್ತು ಅನ್ನಿಸಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನ್ನ ಜೊತೆಯ ಮೊಲ, ನರಿ ಎಲ್ಲರಿಗೂ ನನ್ನ ನಮಸ್ಕಾರ.

ನಿನ್ನ ಅಕ್ಕನ ಮಗಳು,
ಇಲಿಮರಿ

ತಾ.ಕ.: ಶುಕ್ರವಾರ ಬೆಳಿಗ್ಗೆ. ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿಕೊಂಡವಳು ವಾಪಸ್ ಬಂದು ಬರೆಯುತ್ತಿದ್ದೇನೆ. ಅಮ್ಮ ಡಿಸ್ಕೌಂಟ್ ಬೇಡ ಎಂದಳು! ಅಪ್ಪ ಕಾಫಿ ಚೆಲ್ಲಿಕೊಂಡರು. “ಮೊದಲನೇ ವಾರಾನೇ ಹೋಗೋಣ. ಮೂರು ದಿನದಲ್ಲಿ ಯಾವ ದಿನ ಅಂತ ನೀನೇ ಕೇಳಿ ತಿಳ್ಕೋ” ಎಂದಳು. ಯಾರನ್ನು ಕೇಳಬೇಕು ಎಂದು ಹೇಳಲಿಲ್ಲ. ಒಗೆದ ಬಟ್ಟೆಯ ಮೇಲೆ ನನ್ನ ಸೋಪ್ ಡಬ್ಬಿ ಇತ್ತು. ತೆಗೆದು ನೋಡಿದರೆ ಇಲಿಗೆ ಎರಡು ಕಿವಿ. ನನಗೆ ಮಡಚಲು ಬರುವುದಿಲ್ಲ, ಅಪ್ಪನಿಗಂತೂ ಬರುವುದೇ ಇಲ್ಲ. ನಿನಗೆ ಆ ಇಲಿ ಕಲಿಸಿದ್ದು ಯಾರು ಎಂದು ನಾನು ಯಾವತ್ತೂ ಕೇಳಿರಲಿಲ್ಲ ಮಾಮಾ. ಈಗ ಕೇಳಬೇಕಾಗಿಯೂ ಇಲ್ಲ. ಮೊದಲ ವಾರ ಸೋಮವಾರ, ಬುಧವಾರ, ಶುಕ್ರವಾರ, ಮೂರರಲ್ಲಿ ಯಾವ ಬೆಳಿಗ್ಗೆ ನಿನ್ನ ಪಾಳಿ? ಬೇಗ ಬರಿ.