ಗೋಡೆಯ ಮೇಲಿನ ದೀಪ

ಕೋಣಂದೂರು
ಜನವರಿ ೧೯೬೭

ಸುಬ್ಬಕೃಷ್ಣ ಅವರಿಗೆ ಕನ್ನಪ್ಪನ ನಮಸ್ಕಾರ.

ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರೆಂಬ ಸಲಿಗೆಯಿಂದ ಬರೆಯುತ್ತಿದ್ದೇನೆ. ನಾನು ಸಾಗರದ ಸಭೆಗೆ ಹೋಗಿದ್ದಾಗ ನಿಮ್ಮ ಪಕ್ಷದವರು ನಮ್ಮ ಮನೆಯ ಗೋಡೆಗೆ ಕೆಮ್ಮಣ್ಣಿನಲ್ಲಿ ನಿಮ್ಮ ಚುನಾವಣೆ ಗುರುತಿನ ದೀಪ ಬರೆದು ಹೋಗಿದ್ದಾರೆ. ನಾನು ಸಮಾಜವಾದಿ, ಆಲದ ಮರಕ್ಕೆ ಓಟು ಕೇಳುವವನು ಎಂದು ಊರಿಗೆಲ್ಲ ಗೊತ್ತು. ಕಳೆದ ಚುನಾವಣೆಯಲ್ಲಿ ದೇಶ, ದೇಶ ಎನ್ನುವ ನಿಮ್ಮವರೆಲ್ಲ ಒಂದು ಜೀಪಿನಲ್ಲಿ ಹಿಡಿಸುತ್ತಿದ್ದರು. ಈಗ ಹೊಸನಗರದವರೆಗೂ ಯಾವ ಗೋಡೆ ನೋಡಿದರೂ ದೀಪವೇ.

ಸುಣ್ಣ ಕಲಸಿಕೊಂಡು ಅಳಿಸಲು ಹೋದರೆ ಅವ್ವ ಅಡ್ಡ ನಿಂತಳು.

"ಉರಿಯೋ ದೀಪನ ಮನೆಯೋರೇ ಆರಿಸ್ತಾರೇನೋ? ಬರೆದೋರೇ ಬಂದು ತೆಗೀಲಿ."

"ಅದು ಓಟಿನ ಚಿತ್ರ ಕಣವ್ವ."

"ಓಟು ನಿನ್ನ ಮರಕ್ಕೇ ಹಾಕ್ತೀನಿ. ದೀಪ ಮುಟ್ಬೇಡ."

ಈಗ ದಿನಾ ಸಂಜೆ ಅದಕ್ಕೆ ಕುಂಕುಮ ಇಡುತ್ತಾಳೆ. ಪಕ್ಕದ ಮನೆಯ ಹೂವಮ್ಮನೂ ಬಂದು ಕೈ ಮುಗಿದು ಹೋಗುತ್ತಾಳೆ. ಗೇಣಿದಾರರಿಗೆ ಭೂಮಿ ಕೊಡಿ ಎಂದು ನಾನು ಸಂತೆಯಲ್ಲಿ ಗಂಟಲು ಹರಿದುಕೊಂಡು ಬಂದರೆ, ಮನೆ ಬಾಗಿಲಲ್ಲಿ ಈ ಪೂಜೆ! ನಮ್ಮ ಪಕ್ಷದವರಿಗೆ ಮುಖ ತೋರಿಸುವುದು ಹೇಗೆ?

ದಯವಿಟ್ಟು ಮುಂದಿನ ಸಂತೆಯೊಳಗೆ ಬಂದು ಅಳಿಸಿಕೊಡಿ. ಬೇರೆ ಯಾರನ್ನೂ ಕಳಿಸಬೇಡಿ. ಕುಂಕುಮ ಕಂಡರೆ ಅವರು ಅದನ್ನೇ ಭಾಷಣ ಮಾಡುತ್ತಾರೆ. ಸುಣ್ಣ, ಕುಂಚ ನಾನೇ ಕೊಡುತ್ತೇನೆ.

ತಡ ಮಾಡಬೇಡಿ. ನಿನ್ನೆ ಅವ್ವ ಜ್ವರದಿಂದ ಏಳಲಾಗದೆ ಮಲಗಿದ್ದಳು. ಸಂಜೆಯಾಗಿತ್ತು. ಕುಂಕುಮ ನಾನೇ ಇಟ್ಟೆ.

ಇಂತಿ,
ಕನ್ನಪ್ಪ