ತೀರಾ ಕೆಳಗಿನ ಸಾಲು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಪುಟ್ಟಿ,

ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರಗಳಿಗೆ ಉತ್ತರ ಬರೆಯಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನನ್ನ ಬಲಗೈಯ ಎರಡು ಬೆರಳು ಹೋದವು. ಇದು ಎಡಗೈಯ ಬರಹ, ಕಾಗೆಕಾಲು ಗುಬ್ಬಿಕಾಲು ಆಗಿದ್ದರೂ ಓದಿಕೋ.

ಅಮ್ಮ ಅರ್ಧಂಬರ್ಧ ಹೇಳಿರುತ್ತಾಳೆ. ನಮ್ಮ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರದ ಪರದೆಯಲ್ಲಿ ಮೆನು ಇತ್ತು, ಎಲ್ಲವೂ ಅಕ್ಷರದಲ್ಲಿ. ತೀರಾ ಕೆಳಗಿನ ಸಾಲು 'ನಿಲ್ಲಿಸು'. ನಿನ್ನ ಭಾವ ಪರದೆ ನೋಡುತ್ತಲೇ ಇರಲಿಲ್ಲ. ಕಣ್ಣು ನನ್ನ ಕೈ ಮೇಲೆ, ಬೆರಳು ಆ ಸಾಲಿನ ಮೇಲೆ. ಅವರು ಒತ್ತಿದರೆ ಅಲಗು ನಿಲ್ಲುತ್ತಿತ್ತು, ನಾನು ಕೈ ಹಾಕಿ ಕಾಗದದ ಕಟ್ಟು ತಿರುಗಿಸುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಹೋದ ತಿಂಗಳು ಕಂಪನಿಯ ಮೆಕ್ಯಾನಿಕ್ ಬಂದು ಹೊಸ ಸಾಫ್ಟ್‌ವೇರ್ ಹಾಕಿದ. ಮೆನು ಹೋಗಿ ಬಣ್ಣದ ಚಿತ್ರಗಳು ಬಂದವು. 'ನಿಲ್ಲಿಸು' ಮೇಲಿನ ಮೂಲೆಗೆ ಸೇರಿತು, ಅದರ ಜಾಗದಲ್ಲಿ 'ಮತ್ತೆ ಕತ್ತರಿಸು' ಬಂದು ಕೂತಿತು. "ಅಕ್ಷರ ಇದ್ದಿದ್ರೆ ಇವನಪ್ಪನ ಗಂಟೇನು ಹೋಗ್ತಿತ್ತು?" ಎಂದು ಭಾವ ಬೈದದ್ದೇ ಬೈದದ್ದು. ಕಂಪನಿಗೆ ದೂರು ಕೊಟ್ಟ ಮೇಲೆ ಆ ಮೆಕ್ಯಾನಿಕ್ ತೋರಿಸಿಕೊಡಲು ಮತ್ತೆ ಬಂದ. "ಸ್ವಲ್ಪ ದಿನ ನೋಡಿಕೊಂಡು ಒತ್ತಿ ಅಣ್ಣ" ಎಂದ. "ನನಗೇ ಪಾಠ ಹೇಳ್ತೀಯಾ?" ಎನ್ನುತ್ತಾ ಇವರು ನೋಡದೆಯೇ ಹಳೆಯ ಜಾಗದಲ್ಲೇ ಒತ್ತಿದರು. ಅಭ್ಯಾಸದಂತೆ ನನ್ನ ಕೈ ಆಗಲೇ ಒಳಗಿತ್ತು. ಅಲಗು ಇಳಿಯಿತು.

ನೋವು ಆಮೇಲೆ ಬಂತು. ಮೊದಲು ಕಂಡದ್ದು ಹಾಳೆಗಳ ಅಂಚೆಲ್ಲ ಕೆಂಪಾದದ್ದು. ಭಾವ ದೊಡ್ಡ ಸ್ಪ್ಯಾನರ್ ಎತ್ತಿಕೊಂಡು ಪರದೆಗೆ ಬಾರಿಸಿದರು. ಪುಡಿಯಾದ ಮೇಲೂ ಬಾರಿಸಿದರು. ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿದರು. ಅವನು ನೆಲದ ಮೇಲೆ ಕೂತು, ತನ್ನ ಅಂಗಿ ಬಿಚ್ಚಿ ನನ್ನ ಕೈಗೆ ಸುತ್ತುತ್ತಿದ್ದ. ಮೊದಲ ಏಟಿಗೆ ದವಡೆ ಮುರಿಯಿತು. ಆಗಲೂ ಅವನು ಹಿಡಿದ ಗಂಟು ಬಿಡಲಿಲ್ಲ. ಎರಡನೇ ಏಟು ತಲೆಗೆ ಬಿತ್ತು. ಇನ್ನೂ ಆಸ್ಪತ್ರೆಯಲ್ಲೇ ಇದ್ದಾನೆ, ಒಂದು ಕಣ್ಣು ಕಾಣುವುದಿಲ್ಲವಂತೆ.

ಮೊದಲು ಕೈಮಾಡಿದವನು ಆ ಮೆಕ್ಯಾನಿಕ್ಕೇ ಎಂದು ಪೊಲೀಸರಿಗೆ ಹೇಳು ಅಂತ ಅತ್ತೆ ದಿನಾ ಬಂದು ಕೂರುತ್ತಾರೆ. "ನಿನಗೋಸ್ಕರ ಹೊಡೆದ ಕಣೇ, ಕರುಳು ಚುರುಕ್ ಅಂದಿದ್ದಕ್ಕೆ" ಎನ್ನುತ್ತಾರೆ. ಸೋಮವಾರ ನನ್ನ ಹೇಳಿಕೆ ಇದೆ. ನಡೆದದ್ದನ್ನೇ ಹೇಳುತ್ತೇನೆ. ಎಲ್ಲರೂ ಮುಖ ತಿರುಗಿಸಿದರೆ ನೀನಾದರೂ ಮಾತಾಡಿಸು.

ಮಕ್ಕಳಿಗೆ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ

ಇನ್ನೊಂದು ಮಾತು. ನಿನ್ನೆ ನಿನ್ನ ಭಾವನನ್ನು ನೋಡಲು ಜೈಲಿಗೆ ಹೋಗಿದ್ದೆ. ಹಳೆಯ ಮೆನು ವಾಪಸ್ ಹಾಕಿದರಾ ಎಂದು ಕೇಳಿದರು. ಇದ್ದಷ್ಟು ಹೊತ್ತೂ ಅದೇ ಮಾತು. ಬ್ಯಾಂಡೇಜಿನ ಕೈಯನ್ನು ನಾನು ಕಂಬಿಯ ಮೇಲೇ ಇಟ್ಟಿದ್ದೆ. ಎಷ್ಟು ಬೆರಳು ಹೋದವೆಂದು ಅವರಿಗೆ ಇನ್ನೂ ಗೊತ್ತಿಲ್ಲ.